ಓದುಗರ ಪ್ರಶ್ನೆ: ಹಿರಿಯರಿಗೂ ವಲಸೆ ಬಂದವರಿಗೂ ಒಗ್ಗುವ ಸಮುದಾಯ ತೋಟ

ಈ ಬಾರಿ ಆರಿಸಿಕೊಂಡ ಪತ್ರಗಳೆಲ್ಲ ಒಂದೇ ವಿಷಯವನ್ನು, ಅಂದರೆ ನೆರೆಹೊರೆಯವರು ಒಂದೇ ಜಾಗದಲ್ಲಿ ಮಡಿಗಳನ್ನು ಹಂಚಿಕೊಂಡು ಬೆಳೆ ತೆಗೆಯುವ ಸಮುದಾಯ ತೋಟವನ್ನು ಕುರಿತವು. ಪತ್ರಗಳನ್ನು ಸಂಕ್ಷೇಪಿಸಿದ್ದೇವೆ, ಬರೆದವರ ಹೆಸರು ಮತ್ತು ಊರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ಖಾಲಿ ಬಿದ್ದಿದ್ದ ಒಂದು ನಿವೇಶನವನ್ನು ತೋಟ ಮಾಡಿಕೊಳ್ಳಲು ಸ್ಥಳೀಯ ಆಡಳಿತವು ನಮ್ಮ ನಿವಾಸಿಗಳ ಸಂಘಕ್ಕೆ ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟಿದೆ. ಮಡಿ ಬೇಕೆಂದು ಹೆಸರು ಬರೆಸಿದವರಲ್ಲಿ ಅರ್ಧದಷ್ಟು ಮಂದಿ ಎಪ್ಪತ್ತು ದಾಟಿದವರು, ಅವರಲ್ಲಿ ಇಬ್ಬರು ಗಾಲಿಕುರ್ಚಿ ಬಳಸುತ್ತಾರೆ. ಉಳಿದವರಲ್ಲಿ ಹೆಚ್ಚಿನವರು ಬೇರೆ ದೇಶಗಳಿಂದ ಬಂದು ಇತ್ತೀಚೆಗೆ ನೆಲೆಸಿದ ಕುಟುಂಬದವರು. ಇರುವ ಹಣದಲ್ಲಿ ಸಿದ್ಧ ಏರುಮಡಿಗಳನ್ನು (ನೆಲದಿಂದ ಎತ್ತರಿಸಿದ, ಮಣ್ಣು ತುಂಬುವ ಚೌಕಟ್ಟುಗಳನ್ನು) ಕೊಂಡು ಈ ಹಂಗಾಮಿನಲ್ಲೇ ಬಿತ್ತನೆ ಆರಂಭಿಸೋಣ ಎಂಬುದು ಸಮಿತಿಯ ಒಲವು. ಇದು ಸರಿಯಾದ ಕ್ರಮವೇ?

ಉತ್ತರ: ಏರುಮಡಿಗಳನ್ನು ಈಗಲೇ ಕೊಳ್ಳಬೇಡಿ. ಹಿರಿಯರ ತೋಟ ಎಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಸೊಂಟದೆತ್ತರದ ಮರದ ಪೆಟ್ಟಿಗೆ. ಆದರೆ ಅಲ್ಲಿಯವರೆಗೆ ಸಾಗುವ ದಾರಿ, ಕೈಗೆಟುಕುವ ನೀರು, ಪಕ್ಕದಲ್ಲೊಂದು ಆಸನ, ಹತ್ತಿರದಲ್ಲೊಂದು ಶೌಚಾಲಯ ಇಲ್ಲದಿದ್ದರೆ, ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ಎರಡನೆಯ ತಿಂಗಳಿಗೆ ಅದರಲ್ಲಿ ಕಳೆ ತುಂಬಿರುತ್ತದೆ, ಅದನ್ನು ಬೇಡಿ ಪಡೆದವರು ಮನೆಯಲ್ಲೇ ಉಳಿದಿರುತ್ತಾರೆ.

ಎಲ್ಲಕ್ಕೂ ಮೊದಲು ಬಾಯಿಮಾತಿನ ಒಪ್ಪಿಗೆಯನ್ನು ಕಾಗದಕ್ಕೆ ಇಳಿಸಿ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1992ರ ಗಲಭೆಗಳ ನಂತರ ಸುಮಾರು 14 ಎಕರೆ ಖಾಲಿ ಜಾಗದಲ್ಲಿ ಸೌತ್ ಸೆಂಟ್ರಲ್ ಫಾರ್ಮ್ ಎಂಬ ತೋಟ ರೂಪುಗೊಂಡಿತು. ಅಲ್ಲಿ ನೂರಾರು ಕುಟುಂಬಗಳು ಬೆಳೆ ತೆಗೆಯುತ್ತಿದ್ದವು, ಅವರಲ್ಲಿ ಬಹುಪಾಲು ಲ್ಯಾಟಿನ್ ಅಮೆರಿಕದಿಂದ ವಲಸೆ ಬಂದವರು. ನಗರಾಡಳಿತ 2003ರಲ್ಲಿ ಆ ಜಾಗವನ್ನು ಹಿಂದಿನ ಮಾಲೀಕರಿಗೆ ಮಾರಿತು. 2006ರ ಜೂನ್‌ನಲ್ಲಿ ತೋಟಗಾರರನ್ನು ಬಲವಂತವಾಗಿ ತೆರವುಗೊಳಿಸಲಾಯಿತು, ಬೆಳೆದು ನಿಂತಿದ್ದ ಗಿಡಮರಗಳ ಮೇಲೆ ಬುಲ್ಡೋಜರ್ ಹರಿಯಿತು. ನ್ಯೂಯಾರ್ಕ್‌ನಲ್ಲೂ 1999ರಲ್ಲಿ ನೂರಕ್ಕೂ ಹೆಚ್ಚು ಸಮುದಾಯ ತೋಟಗಳನ್ನು ಹರಾಜಿಗಿಡುವ ಸಿದ್ಧತೆ ನಡೆದಿತ್ತು, ಲಾಭದ ಉದ್ದೇಶವಿಲ್ಲದ ಎರಡು ಸಂಸ್ಥೆಗಳು ಮುಂದೆ ಬಂದು ಕೊಂಡುಕೊಂಡದ್ದರಿಂದ ಅವು ಉಳಿದವು. ಇದಕ್ಕೆ ಹೋಲಿಸಿದರೆ ಜರ್ಮನಿಯಲ್ಲಿ 1983ರ ಕಿರುತೋಟ ಕಾನೂನು ತೋಟವನ್ನು ಗುತ್ತಿಗೆಗೆ ಪಡೆದವರಿಗೆ ಗಣನೀಯ ರಕ್ಷಣೆ ಕೊಡುತ್ತದೆ. ನಿಮ್ಮಲ್ಲಿ ಅಂಥ ಕಾನೂನು ಇಲ್ಲದಿದ್ದರೆ ಒಪ್ಪಂದದ ಪತ್ರವೇ ನಿಮ್ಮ ಕಾನೂನು. ಕನಿಷ್ಠ ಐದು ವರ್ಷದ ಅವಧಿ, ತೆರವುಗೊಳಿಸಬೇಕಾದರೆ ನಿಂತ ಬೆಳೆ ಕೊಯ್ಲಾಗುವವರೆಗಿನ ಕಾಲಾವಕಾಶ, ನೀರಿನ ಬಿಲ್ಲು ಯಾರದು, ಯಾರಾದರೂ ಬಿದ್ದು ಪೆಟ್ಟಾದರೆ ವಿಮೆ ಯಾರದು ಎಂಬ ನಾಲ್ಕು ವಿಷಯಗಳಾದರೂ ಅದರಲ್ಲಿ ಸ್ಪಷ್ಟವಾಗಿರಲಿ. ಒಂದು ಸಾರಿ ನೆಲೆ ಕಳೆದುಕೊಂಡು ಬಂದವರನ್ನು ಮತ್ತೊಮ್ಮೆ ಎಬ್ಬಿಸುವಂಥ ಜಾಗಕ್ಕೆ ಕರೆಯುವುದು ನ್ಯಾಯವಲ್ಲ.

ಎರಡನೆಯದು ಮಣ್ಣು. ನಿವೇಶನದಲ್ಲಿ ಹಿಂದೆ ಏನಿತ್ತು ಎಂದು ವಿಚಾರಿಸಿ. ಗ್ಯಾರೇಜು, ಬಣ್ಣದ ಕೆಲಸ, ಕೆಡವಿದ ಹಳೆಯ ಕಟ್ಟಡ ಇವೆಲ್ಲ ಮಣ್ಣಿನಲ್ಲಿ ಸೀಸ (ಲೆಡ್) ಎಂಬ ವಿಷಲೋಹ ಇರಬಹುದೆಂಬುದರ ಸುಳಿವುಗಳು. ಹಲವು ಕಡೆಯಿಂದ, ಮೇಲಿನ ಹದಿನೈದು ಇಪ್ಪತ್ತು ಸೆಂಟಿಮೀಟರ್ ಆಳದ ಮಣ್ಣು ತೆಗೆದು, ಬೆರೆಸಿ, ಪ್ರಯೋಗಾಲಯಕ್ಕೆ ಕೊಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಾಸದ ಜಾಗಗಳ ಮಣ್ಣಿನಲ್ಲಿ ಸೀಸದ ಎಚ್ಚರಿಕೆಯ ಮಟ್ಟವನ್ನು 2024ರಲ್ಲಿ ದಶಲಕ್ಷಕ್ಕೆ 400 ಭಾಗದಿಂದ 200ಕ್ಕೆ ಇಳಿಸಿತು. ಹಳೆಯ ಕೈಪಿಡಿಗಳಲ್ಲಿ ಇನ್ನೂ ಹಿಂದಿನ ಅಂಕಿಯೇ ಇರುತ್ತದೆ. ಅಪಾಯ ಹೆಚ್ಚಾಗಿ ಬರುವುದು ಕೈಗೆ, ಸೊಪ್ಪಿಗೆ, ಗೆಡ್ಡೆಗೆ ಅಂಟಿದ ಧೂಳು ಬಾಯಿ ಸೇರುವುದರಿಂದ. ಗಿಡದಲ್ಲಿ ಬಿಡುವ ಕಾಯಿಗಳಲ್ಲಿ ಸೀಸ ಸೇರುವುದು ಕಡಿಮೆ. ಮಣ್ಣು ಕೆಟ್ಟಿದ್ದರೆ ಹಾಸು ಹಾಕಿ ಹೊಸ ಮಣ್ಣು ತುಂಬಿದ ಏರುಮಡಿಯೇ ಗತಿ, ಆಗ ಅದು ಹಿರಿಯರಿಗೆ ಮಾತ್ರವಲ್ಲ, ಎಲ್ಲರಿಗೂ ಬೇಕು. ಮಡಿಯ ಚೌಕಟ್ಟಿಗೆ ಹಳೆಯ ರೈಲ್ವೆ ಸ್ಲೀಪರ್ ಅಥವಾ ಎಲ್ಲಿಯದೆಂದು ತಿಳಿಯದ ಹಳೆಯ ಮರ ಬೇಡ. ಸ್ಲೀಪರಿಗೆ ಕ್ರಿಯೊಸೋಟ್ ಎಂಬ ವಿಷಕಾರಿ ಎಣ್ಣೆ ಬಳಿದಿರುತ್ತಾರೆ, ಹಳೆಯ ಮರದಲ್ಲಿ ಆರ್ಸೆನಿಕ್ ಸೇರಿದ ಸಂರಕ್ಷಕ ಇರಬಹುದು. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ನಿಂತದ್ದು 2003ರ ಕೊನೆಗೆ.

ಹಣದ ದೊಡ್ಡ ಪಾಲು ದಾರಿಗೆ ಹೋಗಲಿ. ನಿಮ್ಮಲ್ಲಿ ಈ ಬಗ್ಗೆ ಕಾನೂನಿನ ಅಳತೆಗಳಿದ್ದರೆ ಅವನ್ನೇ ಪಾಲಿಸಬೇಕು. ಇಲ್ಲದಿದ್ದರೆ ಅಮೆರಿಕದ ಅಂಗವಿಕಲರ ಕಾಯ್ದೆಯಡಿ 2010ರಲ್ಲಿ ಬಂದ ವಿನ್ಯಾಸ ಮಾನದಂಡಗಳನ್ನು ನೋಡಿ. ಅವುಗಳಂತೆ ಗಾಲಿಕುರ್ಚಿಯ ದಾರಿ ಕನಿಷ್ಠ 36 ಅಂಗುಲ, ಅಂದರೆ ಸುಮಾರು 915 ಮಿಲಿಮೀಟರ್ ಅಗಲವಿರಬೇಕು; ಕುರ್ಚಿ ಪೂರ್ತಿ ತಿರುಗಲು 60 ಅಂಗುಲ ವ್ಯಾಸದ ಜಾಗ ಬೇಕು. ಉದ್ದದ ಇಳಿಜಾರು 20ಕ್ಕೆ 1ನ್ನು (20 ಅಡಿ ಉದ್ದಕ್ಕೆ 1 ಅಡಿ ಏರು) ಮೀರಿದರೆ ಅದನ್ನು ರ‍್ಯಾಂಪ್ ಎಂದೇ ಎಣಿಸಬೇಕು, ರ‍್ಯಾಂಪ್ 12ಕ್ಕೆ 1ಕ್ಕಿಂತ ಕಡಿದಾಗಿರಬಾರದು, ಅಡ್ಡ ವಾಲಿಕೆ 48ಕ್ಕೆ 1ರ ಒಳಗಿರಬೇಕು. ಇವು ಕನಿಷ್ಠ ಅಳತೆಗಳು ಎಂಬುದನ್ನು ಮರೆಯಬಾರದು. ಎದುರಿನಿಂದ ಗೊಬ್ಬರದ ತಳ್ಳುಗಾಡಿ ಬಂದರೆ 36 ಅಂಗುಲದ ದಾರಿಯಲ್ಲಿ ವಾಕರ್ ಹಿಡಿದವರು ಗಿಡದ ಮೇಲೆ ಸರಿಯಬೇಕಾಗುತ್ತದೆ. ಮುಖ್ಯ ದಾರಿ ಐದು ಅಡಿ, ಮಡಿಗಳ ನಡುವಿನ ದಾರಿ ನಾಲ್ಕು ಅಡಿ ಇದ್ದರೆ ಎಲ್ಲರಿಗೂ ನೆಮ್ಮದಿ.

ಅಗಲಕ್ಕಿಂತ ಹೆಚ್ಚಾಗಿ ಕೈಕೊಡುವುದು ದಾರಿಯ ಮೈ. ಸಡಿಲ ಜಲ್ಲಿಯಲ್ಲಿ ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರ ಅಡ್ಡ ತಿರುಗಿ ಹೂತುಕೊಳ್ಳುತ್ತದೆ. ದಪ್ಪಗೆ ಹರಡಿದ ಮರದ ಚೂರಿನಲ್ಲಿ ಊರುಗೋಲಿನ ತುದಿ ಇಳಿದುಹೋಗುತ್ತದೆ. ಹುಲ್ಲು ಒಣಗಿದಾಗ ನೋಡಲು ಚೆನ್ನ, ಮಳೆ ಬಂದ ಮರುದಿನ ಜಾರುಬಂಡೆ. ಕಲ್ಲುಪುಡಿ ಸಮೇತ ಸಣ್ಣ ಜಲ್ಲಿಯನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಯಂತ್ರದಿಂದ ಗಟ್ಟಿಯಾಗಿ ತಟ್ಟಿದ ದಾರಿ ಕಾಂಕ್ರೀಟಿಗಿಂತ ಅಗ್ಗ, ನೀರನ್ನೂ ಇಂಗಿಸುತ್ತದೆ. ಆದರೆ ವರ್ಷಕ್ಕೊಮ್ಮೆ ಸರಿಪಡಿಸಬೇಕು. ಅಂಚಿಗೆ ನಾಲ್ಕು ಬೆರಳು ಎತ್ತರದ, ದಾರಿಗಿಂತ ಬೇರೆ ಬಣ್ಣದ ಏಣು ಕೊಟ್ಟರೆ ದೃಷ್ಟಿ ಮಂದವಾದವರಿಗೆ ಗೆರೆ ಕಾಣುತ್ತದೆ, ಬಿಳಿಕೋಲು ಬಳಸುವವರಿಗೆ ಅದು ತಾಗಿ ತಿಳಿಯುತ್ತದೆ. ದಾರಿಯನ್ನು ಒಪ್ಪಿಕೊಳ್ಳುವ ಮುಂಚೆ ಜೋರು ಮಳೆಯಾದ ಮರುದಿನ ಒಂದು ಗಾಲಿಕುರ್ಚಿಯನ್ನು ಕೊನೆಯವರೆಗೆ ತಳ್ಳಿ ನೋಡಿ. ಆಮೇಲೆ ಗುತ್ತಿಗೆದಾರರಿಗೆ ಹಣ ಕೊಡಿ.

ನೀರಿನ ವಿಷಯದಲ್ಲಿ ಜಿಪುಣತನ ಮಾಡಿದ ತೋಟ ಉಳಿಯುವುದು ಕಷ್ಟ. ಹತ್ತು ಲೀಟರಿನ ಕ್ಯಾನ್ ತುಂಬಿದರೆ ಹತ್ತು ಕಿಲೋ ಮೀರುತ್ತದೆ. ಬೇಸಿಗೆಯಲ್ಲಿ ಒಂದು ಸಣ್ಣ ಮಡಿಗೂ ಅಂಥ ಎರಡು ಮೂರು ಕ್ಯಾನ್ ಬೇಕಾಗುತ್ತದೆ. ನಲ್ಲಿ ಮೂಲೆಯಲ್ಲಿ ಒಂದೇ ಇದ್ದರೆ ಅದನ್ನು ಹೊರುವವರು ಯಾರು? ಎರಡು ಮೂರು ಮಡಿಗಳ ನಡುವೆ ಒಂದರಂತೆ, ಬಗ್ಗದೆ ಎಟುಕುವ ಎತ್ತರದಲ್ಲಿ, ಗುಂಡು ಹಿಡಿಯ ಬದಲು ಉದ್ದ ಹಿಡಿಯ ನಲ್ಲಿ ಹಾಕಿಸಿ. ಒಂದು ಸುಲಭದ ಪರೀಕ್ಷೆ ಇದೆ: ಬೆರಳುಗಳನ್ನು ಮಡಚಿ ಮುಷ್ಟಿ ಕಟ್ಟಿ, ಆ ಮುಷ್ಟಿಗೆ ಸೋಪು ಹಚ್ಚಿ, ಮುಷ್ಟಿಯಿಂದಲೇ ನಲ್ಲಿಯನ್ನು ತೆರೆದು ಮುಚ್ಚಲು ನೋಡಿ. ಉದ್ದ ಹಿಡಿ ಒಂದೇ ನೂಕಿಗೆ ಸರಿಯುತ್ತದೆ. ಗುಂಡು ಹಿಡಿಯ ಮೇಲೆ ಮುಷ್ಟಿ ಜಾರುತ್ತಲೇ ಇರುತ್ತದೆ, ಸಂಧಿವಾತದ ಕೈ ದಿನವೂ ಪಡುವ ಪಾಡು ಅದು. ಗೇಟಿನ ಚಿಲಕಕ್ಕೂ, ಸಲಕರಣೆ ಕೋಣೆಯ ಬೀಗಕ್ಕೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಹಣ ಉಳಿದರೆ ಹನಿ ನೀರಾವರಿಯ ಕೊಳವೆ ಹಾಕಿಸಿ. ಆದರೆ ಯಂತ್ರವೇ ನೀರುಣಿಸಿದರೆ ಬೆಳಿಗ್ಗೆ ತೋಟಕ್ಕೆ ಬರಲು ಕಾರಣವೇ ಇರುವುದಿಲ್ಲ ಎಂದು ಬೇಸರಪಡುವ ಹಿರಿಯರೂ ಇರುತ್ತಾರೆ, ಅವರ ಮಾತನ್ನೂ ಕೇಳಬೇಕು.

ಇಷ್ಟಾದ ಮೇಲೆ ಮಡಿ. ಒಂದೇ ಎತ್ತರದ ಏರುಮಡಿ ಎಲ್ಲರಿಗೂ ಹೊಂದುವುದಿಲ್ಲ. ಅಂಚಿನ ಮೇಲೆ ಕುಳಿತು ಕೆಲಸ ಮಾಡುವವರಿಗೆ 45ರಿಂದ 50 ಸೆಂಟಿಮೀಟರ್, ನಿಂತು ಮಾಡುವವರಿಗೆ 75ರಿಂದ 90, ಗಾಲಿಕುರ್ಚಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಕೈ ಚಾಚುವವರಿಗೆ ಸುಮಾರು 60 ಸೆಂಟಿಮೀಟರ್ ಅನುಕೂಲ. ಕುರ್ಚಿಯ ಸಮೇತ ಒಳಗೆ ಕಾಲು ಚಾಚಿ ಎದುರಾಗಿ ಕುಳಿತುಕೊಳ್ಳಬೇಕಾದರೆ ಮೇಜಿನಂಥ ಮಡಿ ಬೇಕು, ಅದರ ಕೆಳಗೆ ಮೊಣಕಾಲಿಗೆ ಕನಿಷ್ಠ 27 ಅಂಗುಲದ ಖಾಲಿ ಎತ್ತರ ಬಿಡಬೇಕು. ಒಂದೇ ಬದಿಯಿಂದ ಎಟುಕುವುದು 60 ಸೆಂಟಿಮೀಟರ್, ಎರಡೂ ಬದಿಯಿಂದ ಎಟುಕುವುದಾದರೆ 120. ಅದಕ್ಕಿಂತ ಅಗಲ ಮಾಡಿದರೆ ನಡುವಿನ ಗಿಡಗಳು ಅನಾಥವಾಗುತ್ತವೆ.

ಇವೂ ಸರಾಸರಿ ಅಂಕಿಗಳೇ. ಕಟ್ಟುವ ಮುಂಚೆ ಇಟ್ಟಿಗೆ ಪೇರಿಸಿ, ಮೇಲೊಂದು ಹಲಗೆ ಇಟ್ಟು, ಆ ಮಡಿ ಯಾರದೋ ಅವರನ್ನೇ ಕೂರಿಸಿ ಅಥವಾ ನಿಲ್ಲಿಸಿ, ಕೈಗೊಂದು ಕುರ್ಪಿ ಕೊಟ್ಟು ಹಲಗೆಯ ಆಚೆ ಅಂಚನ್ನು ಕೆರೆಯುವಂತೆ ಕೇಳಿ. ಹಲಗೆ ಒಂದು ಇಟ್ಟಿಗೆಯಷ್ಟು ಎತ್ತರವಾದರೂ ಭುಜ ಕಿವಿಯತ್ತ ಏರುತ್ತದೆ; ಒಂದು ಇಟ್ಟಿಗೆ ತಗ್ಗಾದರೆ ಖಾಲಿ ಕೈ ತಾನಾಗಿ ಹಲಗೆಯ ಅಂಚನ್ನು ಆಧಾರಕ್ಕೆ ಹುಡುಕುತ್ತದೆ. ಇವೆರಡೂ ಕಾಣದ ಎತ್ತರವನ್ನು ಬರೆದಿಟ್ಟುಕೊಳ್ಳಿ, ಬಡಗಿಗೆ ಕೊಡಬೇಕಾದ ಅಳತೆ ಅದೇ.

ಮೇಜಿನ ಮಡಿಗಳ ಬಗ್ಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಮಣ್ಣಿನ ಆಳ ಇಪ್ಪತ್ತು ಇಪ್ಪತ್ತೈದು ಸೆಂಟಿಮೀಟರ್ ಮಾತ್ರ ಇರುವುದರಿಂದ ಸೊಪ್ಪು, ಮೂಲಿಕೆಗಳು ಬರುತ್ತವೆ, ಆಳಕ್ಕೆ ಬೇರಿಳಿಸುವ ಬೆಳೆ ಸೊರಗುತ್ತದೆ, ಬಿಸಿಲುಕಾಲದಲ್ಲಿ ದಿನಕ್ಕೆರಡು ಬಾರಿ ನೀರು ಬೇಕಾಗಬಹುದು. ಒಂದು ಚದರ ಮೀಟರ್ ಮಡಿಯಲ್ಲಿ 30 ಸೆಂಟಿಮೀಟರ್ ಆಳದ ಒದ್ದೆ ಮಣ್ಣು ನಾನೂರು ಕಿಲೋಗೂ ಮೀರಿ ತೂಗುತ್ತದೆ. ಕಾಲುಗಳು ಆ ಭಾರಕ್ಕೆ ತಕ್ಕಂತಿರಲಿ. ಇಂಥದ್ದನ್ನು ಎಂಜಿನಿಯರರ ಒಪ್ಪಿಗೆಯಿಲ್ಲದೆ ತಾರಸಿಯ ಮೇಲೆ ಇಡಬಾರದು.

ಆಸನಗಳಿಗೆ ಬೆನ್ನೂ ಕೈಯಾಸರೆಯೂ ಇರಲಿ, ಏಳುವಾಗ ಊರಿಕೊಳ್ಳಲು ಕೈಯಾಸರೆ ಬೇಕೇ ಬೇಕು, ಕೆಲವನ್ನಾದರೂ ನೆರಳಿನಲ್ಲಿಡಿ. ಶೌಚಾಲಯ ಕಟ್ಟಲಾಗದಿದ್ದರೆ ಹತ್ತಿರದ ಯಾವ ಕಟ್ಟಡದವರು ತಮ್ಮದನ್ನು ಬಳಸಲು ಬಿಡುತ್ತಾರೆ ಎಂಬುದನ್ನು ಲಿಖಿತವಾಗಿ ಗೊತ್ತುಮಾಡಿಕೊಳ್ಳಿ. ಇದು ಯಾವ ಸಭೆಯಲ್ಲೂ ಯಾರೂ ಬಾಯಿಬಿಟ್ಟು ಕೇಳದ, ಆದರೆ ಹಿರಿಯರು ಬರುವರೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಸಂಗತಿ.

ಕೊನೆಯದಾಗಿ, ಹಿರಿಯರ ಮಡಿಗಳನ್ನೆಲ್ಲ ಗೇಟಿನ ಪಕ್ಕ ಒಂದು ಮೂಲೆಯಲ್ಲಿ ಸೇರಿಸಿ ಅದಕ್ಕೊಂದು ಫಲಕ ಹಾಕುವ ಯೋಚನೆ ಸಮಿತಿಯಲ್ಲಿ ಬಂದೇ ಬರುತ್ತದೆ. ಅದಕ್ಕೆ ಒಪ್ಪಬೇಡಿ. ತೋಟದ ಉದ್ದಕ್ಕೂ ನೆಲಮಡಿ, ಏರುಮಡಿಗಳು ಬೆರೆತಿದ್ದರೆ ಮಾತ್ರ ಅನುಭವಿಗಳ ಕಣ್ಣಿಗೆ ಅಕ್ಕಪಕ್ಕದವರ ಗಿಡ ಬೀಳುತ್ತದೆ, ಮಾತು ಹುಟ್ಟುತ್ತದೆ. ಹಣ ಸಾಲದಿದ್ದರೆ ಮೂವತ್ತು ಅರೆಬರೆ ಮಡಿಗಳ ಬದಲು ಒಳ್ಳೆಯ ದಾರಿಯ ಮೇಲೆ ಹತ್ತು ಮಡಿಗಳನ್ನು ಮಾಡಿ, ಈ ಹಂಗಾಮು ತಪ್ಪಿದರೆ ತಪ್ಪಲಿ.

ಪ್ರಶ್ನೆ: ನಮ್ಮ ತೋಟದಲ್ಲಿ ವಲಸೆ ಬಂದ ಕುಟುಂಬಗಳಿಗೆಂದೇ ಮಡಿಗಳನ್ನು ಮೀಸಲಿಟ್ಟಿದ್ದೇವೆ. ಮೂರು ಭಾಷೆಗಳಲ್ಲಿ ನೋಟಿಸ್ ಹಾಕಿದರೂ ಮಾಹಿತಿ ಸಭೆಗೆ ಯಾರೂ ಬರಲಿಲ್ಲ. ಅವರಿಗೆ ಆಸಕ್ತಿಯಿಲ್ಲ ಎಂದು ಮಡಿಗಳನ್ನು ಬೇರೆಯವರಿಗೆ ಕೊಡಬಹುದೇ?

ಉತ್ತರ: ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. ಜರ್ಮನಿಯ ಗಟಿಂಗೆನ್ ನಗರದಲ್ಲಿ 1990ರ ದಶಕದ ನಡುವೆ, ಬೋಸ್ನಿಯಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ ಮಹಿಳೆಯರನ್ನು ನಿಮಗೆ ಇಲ್ಲಿ ಯಾವುದರ ಕೊರತೆ ಕಾಣುತ್ತಿದೆ ಎಂದು ಕೇಳಿದಾಗ, ಬಿಟ್ಟುಬಂದ ನಮ್ಮ ತೋಟಗಳದ್ದು ಎಂಬ ಉತ್ತರ ಬಂತು. ಅದರಿಂದ ಹುಟ್ಟಿದ ‘ಅಂತರರಾಷ್ಟ್ರೀಯ ತೋಟ’ದ ಮಾದರಿಯನ್ನು ಜರ್ಮನಿಯ ಎಷ್ಟೋ ಊರುಗಳು ಅನುಸರಿಸಿದವು. ಅಲ್ಲಿ ಮಡಿಯನ್ನು ಮೊದಲೇ ಸಿದ್ಧಮಾಡಿ ಜನರನ್ನು ಹುಡುಕಲಿಲ್ಲ. ಮೊದಲು ಕೇಳಿದರು, ಕೇಳಿದ ಮೇಲೆ ಜಾಗ ಹುಡುಕಿದರು. ನಿಮ್ಮಲ್ಲಿ ಕ್ರಮ ತಿರುಗುಮುರುಗಾಗಿದೆ.

ಸಭೆಗೆ ಬಾರದಿರಲು ಸಾಮಾನ್ಯವಾಗಿ ಇರುವ ಕಾರಣಗಳು ತೀರ ಲೌಕಿಕವಾದವು. ಸಂಜೆಯ ಪಾಳಿಯಲ್ಲಿ ದುಡಿಯುವವರು ಸಂಜೆಯ ಸಭೆಗೆ ಬರಲಾರರು. ಮಕ್ಕಳನ್ನು ಬಿಟ್ಟುಬರಲು ಮನೆಯಲ್ಲಿ ಯಾರೂ ಇರುವುದಿಲ್ಲ. ಅರ್ಜಿಯಲ್ಲಿ ಗುರುತಿನ ಚೀಟಿಯ ಸಂಖ್ಯೆ ಕೇಳಿದ್ದರೆ, ವಾಸದ ಪರವಾನಗಿ ಇನ್ನೂ ಇತ್ಯರ್ಥವಾಗದ ಕುಟುಂಬ ಆ ಹಾಳೆಯನ್ನು ಅಲ್ಲಿಗೇ ಮಡಚಿಡುತ್ತದೆ. ಒಂದು ಮಡಿ ಕೊಡಲು ಹೆಸರು ಮತ್ತು ಸಂಪರ್ಕಕ್ಕೊಂದು ದಾರಿ ಸಾಕು. ಅದಕ್ಕಿಂತ ಹೆಚ್ಚಿನದನ್ನು ಕೇಳಲೂಬೇಡಿ, ಕೇಳಿದ್ದನ್ನು ಕಡತದಲ್ಲಿ ಇಡಲೂಬೇಡಿ. ನೋಟಿಸನ್ನು ಭಾಷಾಂತರಿಸಿದ್ದು ಒಳ್ಳೆಯದೇ, ಆದರೆ ತಮ್ಮ ಭಾಷೆಯನ್ನೇ ಓದಲು ಕಲಿಯುವ ಅವಕಾಶ ಸಿಗದ ರೈತ ಹೆಣ್ಣುಮಕ್ಕಳು ಇಂಥ ಕುಟುಂಬಗಳಲ್ಲಿ ಇರುತ್ತಾರೆ. ನಿಮ್ಮ ತೋಟದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬೇಸಾಯ ಬಲ್ಲವರು ಅವರೇ ಆಗಿರಬಹುದು.

ಆದ್ದರಿಂದ ಸಭೆಯನ್ನು ಬಿಟ್ಟು ಅವರಿರುವ ಕಡೆಗೆ ಹೋಗಿ: ಭಾಷೆ ಕಲಿಸುವ ತರಗತಿ, ಮಕ್ಕಳ ಶಾಲೆಯ ಗೇಟು, ಅವರ ಪ್ರಾರ್ಥನಾ ಸ್ಥಳ. ಆಯಾ ಸಮುದಾಯದ ಒಬ್ಬರನ್ನು ದುಭಾಷಿಯಾಗಿ ಕರೆದೊಯ್ಯಿರಿ, ಆ ಕೆಲಸಕ್ಕೆ ಸಂಭಾವನೆ ಕೊಡಿ. ಮನೆಯ ಮಗುವನ್ನು ದುಭಾಷಿ ಮಾಡುವುದು ಸುಲಭವೆನಿಸಿದರೂ ಸರಿಯಲ್ಲ. ಬಾಡಿಗೆ, ಶುಲ್ಕ, ತಕರಾರುಗಳ ಮಾತನ್ನು ಹತ್ತು ವರ್ಷದ ಮಗುವಿನ ಬಾಯಲ್ಲಿ ಆಡಿಸಿದರೆ ಹಿರಿಯರಿಗೂ ಅವಮಾನ, ಮಗುವಿಗೂ ಹೊರೆ. ಮಾತಿನಲ್ಲಿ ‘ಸಮುದಾಯ’, ‘ಬೆರೆಯುವಿಕೆ’ಗಳನ್ನು ಬದಿಗಿಟ್ಟು ಮಡಿ ಎಷ್ಟು ದೊಡ್ಡದು, ಎಷ್ಟು ಕಾಲ ನಮ್ಮದು, ನೀರಿಗೆ ದುಡ್ಡು ಕೊಡಬೇಕೇ, ಬೆಳೆದದ್ದನ್ನು ಮನೆಗೆ ಒಯ್ಯಬಹುದೇ ಎಂಬ ಪ್ರಶ್ನೆಗಳಿಗೆ ನೇರ ಉತ್ತರ ಕೊಡಿ.

ಹೊಸಬರನ್ನು ಮೊದಲ ವರ್ಷ ಸಾಮೂಹಿಕ ಮಡಿಯಲ್ಲಿ ದುಡಿಸಿ, ಆಮೇಲೆ ಸ್ವಂತ ಮಡಿ ಕೊಡುವ ಪದ್ಧತಿ ಕೆಲವು ತೋಟಗಳಲ್ಲಿದೆ. ನಮಗೆ ಅದು ಒಪ್ಪಿಗೆಯಿಲ್ಲ. ತನ್ನದೆನ್ನುವ ಮೂರು ಚದರ ಮೀಟರ್ ಸಿಕ್ಕ ಮೇಲೆ ಮನುಷ್ಯ ನೆರೆಯವರ ಜೊತೆ ತಾನಾಗಿ ಮಾತಿಗೆ ತೊಡಗುತ್ತಾನೆ. ಮೊದಲು ಬೆರೆತು ತೋರಿಸು, ಆಮೇಲೆ ಜಾಗ ಎಂಬುದು ಪರೀಕ್ಷೆಯಾಗುತ್ತದೆ. ಬ್ರಿಟನ್‌ನಲ್ಲಿ ತರಕಾರಿ ಬೆಳೆಯಲು ಜನರಿಗೆ ಬಾಡಿಗೆಗೆ ಕೊಡುವ ತೋಟದ ತುಂಡಿನ ಹಳೆಯ ಪೂರ್ಣ ಅಳತೆ ಸುಮಾರು 250 ಚದರ ಮೀಟರ್, ಒಂದು ಕುಟುಂಬದ ತರಕಾರಿಗೆ ಸಾಲುವಷ್ಟು. ನಗರದ ನಿವೇಶನದಲ್ಲಿ ಅದು ಆಗದ ಮಾತು. ಆದರೂ ಎಲ್ಲರಿಗೂ ಒಂದೇ ಅಳತೆ ಎಂಬ ಹಟ ಬೇಡ: ಎಂಬತ್ತರ ವೃದ್ಧರಿಗೆ ಎರಡು ಚದರ ಮೀಟರ್ ಧಾರಾಳವಾದರೆ, ಆರು ಮಂದಿಯ ಕುಟುಂಬ ಇಪ್ಪತ್ತು ಕೇಳುವುದರಲ್ಲಿ ದುರಾಸೆಯಿಲ್ಲ.

ನಿಯಮಗಳನ್ನು ಕಡಿಮೆ ಮಾಡಿ, ಉಳಿದವನ್ನು ಚಿತ್ರದಲ್ಲಿ ಹೇಳಿ. ಗೊಬ್ಬರದ ಗುಂಡಿಗೆ ಏನು ಹಾಕಬಹುದು, ಏನು ಹಾಕಬಾರದು ಎಂಬುದನ್ನು ಎರಡು ಚಿತ್ರಗಳು ಯಾವ ಭಾಷೆಯವರಿಗಾದರೂ ತಿಳಿಸುತ್ತವೆ. ಜಗಳ ಬರುವುದು ಹೆಚ್ಚಾಗಿ ಚಪ್ಪರಗಳಿಂದ. ಬಳ್ಳಿ ಬೆಳೆಸುವವರ ಚಪ್ಪರದ ನೆರಳು ಪಕ್ಕದ ಮಡಿಯ ಮೇಲೆ ಬೀಳುತ್ತದೆ. ಚಪ್ಪರವನ್ನೇ ನಿಷೇಧಿಸಿದರೆ ಒಂದು ಬಗೆಯ ಬೇಸಾಯವನ್ನೇ ನಿಷೇಧಿಸಿದಂತಾಗುತ್ತದೆ. ಅದರ ಬದಲು ಬಳ್ಳಿ ಬೆಳೆಯುವವರಿಗೆ ಉತ್ತರ ಗೋಳದಲ್ಲಾದರೆ ತೋಟದ ಉತ್ತರದ ಅಂಚು, ದಕ್ಷಿಣ ಗೋಳದಲ್ಲಾದರೆ ದಕ್ಷಿಣದ ಅಂಚು ಕೊಡಿ. ನೆರಳು ತೋಟದ ಹೊರಕ್ಕೆ ಬೀಳುತ್ತದೆ. ಇಂಥ ತೀರ್ಮಾನಗಳಾಗುವ ಸಮಿತಿಯಲ್ಲಿ ವಲಸೆ ಬಂದವರಿಗೂ ಮತವಿರುವ ಸ್ಥಾನ ಇರಬೇಕು.

ಪ್ರಶ್ನೆ: ನನ್ನ ನೆರೆಯ ಮಡಿಯವರು ತಮ್ಮ ದೇಶದಿಂದ ಬರುವಾಗ ಚೀಲದಲ್ಲಿ ತಂದ ಬೀಜಗಳನ್ನು ಬಿತ್ತಿದ್ದಾರೆ. ಒಂದು ಗಿಡ ಆಳೆತ್ತರ ಬೆಳೆದರೂ ಹೂವೇ ಬಿಟ್ಟಿಲ್ಲ, ಇನ್ನೊಂದು ಎಲ್ಲೆಡೆ ಹಬ್ಬುತ್ತಿದೆ. ದೂರು ಕೊಟ್ಟು ಅವರ ಮನಸ್ಸು ನೋಯಿಸಲು ಇಷ್ಟವಿಲ್ಲ. ಏನು ಮಾಡಲಿ?

ಉತ್ತರ: ಹೂ ಬಿಡದ ಗಿಡಕ್ಕೆ ಕಾರಣ ಬಹುಶಃ ಹಗಲಿನ ಉದ್ದ. ಉಷ್ಣವಲಯದ ಎಷ್ಟೋ ಬೆಳೆಗಳಲ್ಲಿ, ಅದರಲ್ಲೂ ದ್ವಿದಳ ಜಾತಿಯ ಹಳೆಯ ತಳಿಗಳಲ್ಲಿ, ಹಗಲು ಒಂದು ಮಿತಿಗಿಂತ ಚಿಕ್ಕದಾದಾಗಲೇ ಹೂವು. ಸಮಭಾಜಕದಿಂದ ದೂರದ ನಾಡಿನಲ್ಲಿ ಬೇಸಿಗೆಯ ಹಗಲು ಹದಿನೈದು, ಹದಿನಾರು ಗಂಟೆಯಿರುವುದರಿಂದ ಗಿಡ ಎಲೆಯನ್ನೇ ಹೊರಡಿಸುತ್ತಿರುತ್ತದೆ. ಹಗಲು ಕುಗ್ಗಿ ಮೊಗ್ಗು ಕಾಣುವ ಹೊತ್ತಿಗೆ ಚಳಿ ಬಂದು ಕೊಲ್ಲುತ್ತದೆ. ಬೆಳೆಸಿದವರ ಕೈಯಲ್ಲಿ ದೋಷವಿಲ್ಲ ಎಂಬುದನ್ನು ಅವರಿಗೆ ತಿಳಿಸಿ, ಪಾಪ, ಗೊಬ್ಬರ ಸಾಲಲಿಲ್ಲವೆಂದು ಇನ್ನಷ್ಟು ಸುರಿಯುತ್ತಿರಬಹುದು. ಹಗಲಿನ ಉದ್ದಕ್ಕೆ ಅಂಟಿಕೊಳ್ಳದ, ಬೇಗ ಕಾಯಿ ಬಿಡುವ ತಳಿಗಳು ಅವೇ ಬೆಳೆಗಳಲ್ಲಿ ಸ್ಥಳೀಯವಾಗಿ ಸಿಗುತ್ತವೆಯೇ ವಿಚಾರಿಸಿ.

ಹಬ್ಬುವ ಗಿಡದ ವಿಷಯ ಗಂಭೀರ. ಬೀಜದ ಜೊತೆ ರೋಗ ಕೀಟಗಳೂ ಗಡಿ ದಾಟುವುದರಿಂದ ಬಹುತೇಕ ದೇಶಗಳು ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತವೆ. ಕೆಲವು ಗಿಡಗಳಿಗೆ ಬೇರೆಯೇ ನಿರ್ಬಂಧವಿದೆ: ಏಷ್ಯಾದಲ್ಲಿ ಸೊಪ್ಪಾಗಿ ಬಹಳ ಜನ ಬೆಳೆಯುವ ನೀರು ಪಾಲಕ್, ಅಂದರೆ ಐಪೋಮಿಯಾ ಅಕ್ವಾಟಿಕಾ, ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಹಾನಿಕಾರಕ ಕಳೆಗಳ ಪಟ್ಟಿಯಲ್ಲಿದೆ, ಬೆಚ್ಚಗಿನ ಪ್ರದೇಶಗಳ ಕಾಲುವೆಗಳಲ್ಲಿ ದಟ್ಟವಾಗಿ ಹಬ್ಬಿ ನೀರಿನ ಹರಿವನ್ನೇ ತಡೆಯುತ್ತದೆ. ನೀವು ದೂರು ಕೊಡಬೇಕಿಲ್ಲ. ತೋಟದ ಸಂಯೋಜಕರು ಗಿಡದ ಚಿತ್ರವನ್ನು ಸರ್ಕಾರದ ಸಸ್ಯ ಸಂರಕ್ಷಣಾ ವಿಭಾಗಕ್ಕೋ ಹತ್ತಿರದ ಕೃಷಿ ಸಲಹಾ ಕೇಂದ್ರಕ್ಕೋ ತೋರಿಸಿ ಗುರುತಿಸಿಕೊಳ್ಳಲಿ. ನಿಷೇಧಿತ ಗಿಡವೆಂದು ತಿಳಿದರೆ ಅದನ್ನು ವಿಲೇವಾರಿ ಮಾಡುವ ಕ್ರಮವನ್ನೂ ಅವರಿಂದಲೇ ಕೇಳಿ. ಉತ್ತರ ಬರುವವರೆಗೆ ಹೂವು, ಬೀಜಗಳನ್ನು ಚಿವುಟಿ ಚೀಲದಲ್ಲಿ ಭದ್ರವಾಗಿ ಕಟ್ಟಿಡಲಿ, ಗೊಬ್ಬರದ ಗುಂಡಿಗಂತೂ ಹಾಕಬಾರದು. ಈ ಮಾತನ್ನು ನೆರೆಯ ಮಡಿಯವರಿಗೆ ಹೇಳುವಾಗ ಆ ರುಚಿಗೆ ಹತ್ತಿರವಾದ, ಬೆಳೆಯಲು ಅಡ್ಡಿಯಿಲ್ಲದ ಬೇರೊಂದು ಸೊಪ್ಪಿನ ಬೀಜವನ್ನು ಕೈಯಲ್ಲಿ ಹಿಡಿದುಕೊಂಡೇ ಹೋದರೆ ಒಳ್ಳೆಯದು.

ಪ್ರಶ್ನೆ: ನಮ್ಮ ತಾಯಿಗೆ ಎಂಬತ್ತೆರಡು ವರ್ಷ. ಊರುಗೋಲು ಹಿಡಿದು ನಡೆಯುತ್ತಾರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಸಮುದಾಯ ತೋಟಕ್ಕೆ ಹೋಗಬೇಕೆಂದು ಹಟ ಹಿಡಿದಿದ್ದಾರೆ. ಕಳುಹಿಸಬಹುದೇ?

ಉತ್ತರ: ಅವರ ವೈದ್ಯರು ಬೇಡವೆನ್ನದಿದ್ದರೆ ಕಳುಹಿಸಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ತೋಟದ ಕೆಲಸದಿಂದ ಖಿನ್ನತೆ, ಆತಂಕಗಳು ತಗ್ಗುವುದು ಕಂಡುಬಂದಿದೆ. ಮೊದಲೇ ಗಟ್ಟಿಯಾಗಿರುವವರು ತೋಟಕ್ಕೆ ಹೋಗುವುದು ಹೆಚ್ಚು ಎಂಬ ಸಂಶಯವನ್ನು ಇಟ್ಟುಕೊಂಡೇ ಅದನ್ನು ಓದಬೇಕು.

ಗಮನಿಸಬೇಕಾದವು ಕೆಲವಿವೆ. ಧನುರ್ವಾಯುವಿನ ಲಸಿಕೆಯನ್ನು ಅನೇಕ ದೇಶಗಳಲ್ಲಿ ವಯಸ್ಕರಿಗೆ ಹತ್ತು ವರ್ಷಕ್ಕೊಮ್ಮೆ ಹಾಕುತ್ತಾರೆ, ನಿಯಮ ಎಲ್ಲೆಡೆ ಒಂದೇ ಅಲ್ಲ. ಕೊನೆಯ ಬಾರಿ ಯಾವಾಗ ಹಾಕಿಸಿದ್ದು ಎಂದು ವೈದ್ಯರಲ್ಲಿ ವಿಚಾರಿಸಿ. ಮಾತ್ರೆಯ ಕಾರಣದಿಂದ ಸಣ್ಣ ಗೀರೂ ಹೆಚ್ಚು ಹೊತ್ತು ಸೋರುತ್ತದೆ, ಮೊಣಕೈವರೆಗಿನ ಕೈಗವಸು ಕೊಡಿಸಿ. ತಲೆಗೆ ಪೆಟ್ಟಾಗುವಂತೆ ಬಿದ್ದರೆ ಹೊರಗೆ ಗಾಯ ಕಾಣದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಚೀಲದಲ್ಲಿ ಬರುವ ಕಾಂಪೋಸ್ಟ್ ಮತ್ತು ಕುಂಡದ ಮಣ್ಣಿನಲ್ಲಿ ಲೀಜಿಯೊನೆಲ್ಲಾ ಲಾಂಗ್‌ಬೀಚೆ ಎಂಬ ಬ್ಯಾಕ್ಟೀರಿಯಾ ಇರಬಹುದು, ವೃದ್ಧರಲ್ಲಿ ಅದು ತೀವ್ರ ನ್ಯುಮೋನಿಯಾ ತರಬಲ್ಲದು. ಚೀಲವನ್ನು ಬಯಲಿನಲ್ಲಿ, ಮುಖದಿಂದ ದೂರ ಹಿಡಿದು ಕತ್ತರಿಸಬೇಕು, ಧೂಳೇಳದಂತೆ ನೀರು ಚಿಮುಕಿಸಬೇಕು, ಮಾಸ್ಕ್ ಹಾಕಿಕೊಳ್ಳಬೇಕು, ಕೆಲಸ ಮುಗಿದ ಕೂಡಲೇ ಕೈ ತೊಳೆಯಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ದಾಹವಾಗಲೆಂದು ಕಾಯದೆ ನೀರು ಕುಡಿಯಲಿ, ಬಿಸಿಲೇರುವ ಮೊದಲೇ ಕೆಲಸ ಮುಗಿಸಲಿ. ಹೃದಯದ ಕಾಯಿಲೆಗೆ ನೀರಿನ ಪ್ರಮಾಣ ಮಿತಿಗೊಳಿಸಿದ್ದರೆ ಮಾತ್ರ ವೈದ್ಯರು ಹೇಳಿದಷ್ಟೇ.

ಪ್ರಶ್ನೆ: ನಮ್ಮ ತೋಟದ ಒಬ್ಬ ಹಿರಿಯರಿಗೆ ಈಗ ಮಡಿಯ ಕೆಲಸ ಪೂರ್ತಿ ಮಾಡಲು ಆಗುತ್ತಿಲ್ಲ. ಸರದಿಯಲ್ಲಿ ಕಾಯುತ್ತಿರುವವರು ಆ ಮಡಿಯನ್ನು ಕೇಳುತ್ತಿದ್ದಾರೆ. ಸಮಿತಿ ಹೇಗೆ ನಡೆದುಕೊಳ್ಳಬೇಕು?

ಉತ್ತರ: ಕಳೆ ಬೆಳೆದಿದೆ ಎಂದು ನೋಟಿಸ್ ಕೊಟ್ಟು ಮಡಿ ವಾಪಸ್ ಪಡೆಯುವ ನಿಯಮ ನಿಮ್ಮಲ್ಲಿದ್ದರೆ ಹಿರಿಯರಿಗೆ ಅದನ್ನು ಹಾಗೆಯೇ ಅನ್ವಯಿಸಬೇಡಿ. ಮೊದಲು ಮಡಿಯನ್ನು ಅರ್ಧ ಮಾಡುವ ಅಥವಾ ದಾರಿಗೆ ಹತ್ತಿರದ ಎತ್ತರದ ಮಡಿಗೆ ಬದಲಾಯಿಸುವ ಆಯ್ಕೆ ಕೊಡಿ. ಆಸ್ಪತ್ರೆಯಲ್ಲಿದ್ದರೆ ಒಂದು ಹಂಗಾಮಿನ ಮಟ್ಟಿಗೆ ಹೆಸರನ್ನು ಹಾಗೇ ಉಳಿಸಿ, ಬೇರೆಯವರು ತಾತ್ಕಾಲಿಕವಾಗಿ ಬಿತ್ತಲಿ.

ಸರದಿಯಲ್ಲಿರುವ ಹೊಸ ಕುಟುಂಬವನ್ನು ಜೊತೆಗಾರರನ್ನಾಗಿ ಸೇರಿಸುವುದು ಎಲ್ಲರಿಗೂ ಹೊಳೆಯುವ ಪರಿಹಾರ, ಚೆನ್ನಾಗಿಯೂ ನಡೆಯುತ್ತದೆ. ಆದರೆ ಕರಾರಿಲ್ಲದೆ ಮಾಡಿದರೆ ಕೆಡುತ್ತದೆ. ಭಾಷೆ ಬಾರದ ಹೊಸಬರು ಅಗೆಯುವುದು, ನೀರು ಹೊರುವುದು, ಫಸಲು ಮಾತ್ರ ಹಿರಿಯರ ಮನೆಗೆ ಹೋಗುವುದು ಎಂಬಲ್ಲಿಗೆ ಬಂದು ನಿಂತರೆ ಅದು ಬಿಟ್ಟಿ ಚಾಕರಿ. ಯಾವ ಭಾಗ ಯಾರದು, ಏನು ಬಿತ್ತಬೇಕೆಂದು ಯಾರು ನಿರ್ಧರಿಸುತ್ತಾರೆ, ಫಸಲು ಹೇಗೆ ಹಂಚಿಕೆ ಎಂಬ ಮೂರು ಸಾಲುಗಳನ್ನು ಇಬ್ಬರಿಗೂ ತಿಳಿಯುವ ಭಾಷೆಯಲ್ಲಿ ಬರೆದು ಇಬ್ಬರ ಸಹಿ ಪಡೆಯಿರಿ. ಪ್ರತಿ ಹಂಗಾಮಿನ ಕೊನೆಯಲ್ಲಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಇಬ್ಬರೂ ಒಪ್ಪಿದರೆ ಮಾತ್ರ ಮುಂದುವರಿಸಿ. ಹಿರಿಯರು ತಾವಾಗಿ ಮಡಿ ಬಿಟ್ಟುಕೊಟ್ಟ ದಿನ ಅದು ಜೊತೆಗಾರರಿಗೇ ಹೋಗುವುದೋ, ಸರದಿಗೆ ಮರಳುವುದೋ ಎಂಬುದನ್ನು ಆ ಕಾಗದದಲ್ಲೇ ಮೊದಲೇ ನಮೂದಿಸಿ. ಅದನ್ನು ಸರದಿಯಲ್ಲಿರುವ ಉಳಿದವರಿಗೂ ತಿಳಿಸಿ.